ಅಂಕಿತವಿಲ್ಲದ ಮಾತು



ಪುಸ್ತಕವೊಂದು ಪ್ರಕಟವಾದರೆ ಅದನ್ನು ವಿಮರ್ಶಿಸುವ ಸಂಪ್ರದಾಯವು ನಮ್ಮ ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು, ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡಿದ ಮೇಲೆಯೇ ಅದಕ್ಕೆ ಮನೆಯ ಮಾಡದಲ್ಲಿ ಸ್ಥಳ ದೊರೆಯುವುದು. ಸಾವಿರ ಪ್ರತಿ ಅಚ್ಚಾಗಿ ಅರ್ಧಕ್ಕರ್ಧ ಮಾರಾಟವಾಗದೆ ಉಳಿಯುವ ಪುಸ್ತಕಕ್ಕೆ ಇಷ್ಟೊಂದು ಪರೀಕ್ಷೆಯುಂಟು. ಹಗಲಿರುಳೂ ನಮ್ಮೊಡನೆ ಮಾತಾಡುತ್ತಿರುವ, ಅಂಗೈಯೊಳಗೆ ಅಡಗಿ ಕುಳಿತ ಫೋನಿಗೆ ಮಾತ್ರ ಅಂಥ ವಿಮರ್ಶೆಯೇ ಇಲ್ಲ. ಈ ಲೇಖನವು ಆ ದಿಕ್ಕಿನ ಒಂದು ಪ್ರಯತ್ನವಾಗಿದೆ.

ಫೋನಿನ ಬಗ್ಗೆ ಜನರಲ್ಲಿ ಅಭಿಪ್ರಾಯಗಳೇ ಇಲ್ಲವೆಂದು ಇದರ ಅರ್ಥವಲ್ಲ. ಅಭಿಪ್ರಾಯಗಳಿಗೇನು ಬರ? ಜೇವರ್ಗಿ ತಾಲ್ಲೂಕಿನ ಕೊಳಕೂರದಂಥ ಊರಿನ ಅಗಸಿಯ ಕಟ್ಟೆಯ ಮೇಲೆ ಸಂಜೆಯ ಹೊತ್ತು ಒಂದು ಗಳಿಗೆ ಕುಳಿತರೆ ಸಾಕು. "ಕಾಕಾ, ಹೊಸಾದು ತಗೊಂಡೀರೇನು? ಎಷ್ಟಕ್ಕ ಬಿತ್ತು?" ಎಂದು ಒಬ್ಬನು ಕೇಳುತ್ತಾನೆ. "ಕ್ಯಾಮೆರಾ ಚಲೋ ಅದ ನೋಡೋ ತಮ್ಮಾ, ಆದರ ಬ್ಯಾಟರಿ ಸಂಜಿತನಕಾ ನಿಂದ್ರಂಗಿಲ್ಲ" ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಬೆಲೆ, ಬ್ಯಾಟರಿ, ಕ್ಯಾಮೆರಾ, ಧ್ವನಿಯ ಜೋರು, ಕೆಳಗೆ ಬಿದ್ದರೆ ಗಾಜು ಒಡೆಯುವುದೋ ಇಲ್ಲವೋ, ಕೆಟ್ಟರೆ ಜೇವರ್ಗಿಯಲ್ಲಿ ದುರಸ್ತಿಯಾಗುವುದೋ ಕಲಬುರಗಿಗೇ ಒಯ್ಯಬೇಕೋ, ಇವೆಲ್ಲ ಅಲ್ಲಿ ಸವಿಸ್ತಾರವಾಗಿ ಚರ್ಚೆಗೆ ಬರುತ್ತವೆ.

ಈ ಚರ್ಚೆಯನ್ನು ಹಗುರಾಗಿ ಕಾಣುವವರ ಗುಂಪಿಗೆ ನಾನು ಸೇರಿದವನಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಕುಲದವರು ನಾವು. ಅದೇ ಕಣ್ಣು ಈಗ ಯಂತ್ರದ ಮೇಲೆ ಹರಿಯುತ್ತಿದೆ. 2003ರಲ್ಲಿ ನೋಕಿಯಾ ಕಂಪನಿಯು 1100 ಎಂಬ ಒಂದು ಸಾದಾ ಫೋನನ್ನು ಹೊರತಂದಿತು. ನೆತ್ತಿಯ ಮೇಲೆ ಪುಟ್ಟ ಟಾರ್ಚು, ಧೂಳು ಒಳಹೋಗದಂತೆ ಮುಚ್ಚಿದ ಗುಂಡಿಗಳು, ಜಾರದ ಹಿಡಿ, ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ಬಾಳುವ ಬ್ಯಾಟರಿ, ಇಷ್ಟೇ ಅದರ ಬಂಡವಾಳ. ಪಟ್ಟಣದ ಜಾಣರು ಅದನ್ನು ಕಂಡು ಮೂಗು ಮುರಿದಿರಬಹುದು. ಆದರೆ ನಡುರಾತ್ರಿ ಕರೆಂಟು ಬಂದಾಗ ಪಂಪು ಹಚ್ಚಲು ಹೊಲಕ್ಕೆ ಹೊರಡುವ ಒಕ್ಕಲಿಗನಿಗೆ, ಬದುವಿನ ಮೇಲೆ ಹಾವು ಚೇಳುಗಳ ಭಯವಿರುವವನಿಗೆ, ಆ ಟಾರ್ಚಿನ ಬೆಲೆ ಏನೆಂಬುದು ಚೆನ್ನಾಗಿ ತಿಳಿದಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಫೋನುಗಳ ಸಾಲಿನಲ್ಲಿ ಅದು ನಿಂತಿತು. ಯಂತ್ರದ ಮೈಯನ್ನು ಪರೀಕ್ಷಿಸುವುದರಲ್ಲಿ ನಮ್ಮ ಹಳ್ಳಿಗರು ಯಾರಿಗೂ ಕಡಿಮೆಯಿಲ್ಲ.

ಆದರೆ ಎತ್ತಿಗೂ ಫೋನಿಗೂ ಒಂದು ಭೇದವಿದೆ. ಎತ್ತು ಮಾತಾಡುವುದಿಲ್ಲ, ಫೋನು ಮಾತಾಡುತ್ತದೆ. ಅದರ ಮಾತು ಎಂಥದು, ಯಾರದು, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗಳು ಕಟ್ಟೆಯ ಚರ್ಚೆಯಲ್ಲಿ ಬರುವುದೇ ಇಲ್ಲ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ.

ಮಾತಾಡುವ ಯಂತ್ರವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಡೆಕ್ಕನ್ ರೇಡಿಯೋ ಮಾತಾಡುತ್ತಿತ್ತು. ನಂತರ 1966ರಲ್ಲಿ ಗುಲಬರ್ಗಾದಲ್ಲಿಯೇ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಆಗ ರೇಡಿಯೋ ಇಟ್ಟುಕೊಳ್ಳುವವರು ಅಂಚೆ ಕಚೇರಿಗೆ ಪರವಾನಗಿಯ ಶುಲ್ಕ ಕಟ್ಟಬೇಕಾಗಿತ್ತೆಂಬುದು ಹಿರಿಯ ವಾಚಕರಿಗೆ ನೆನಪಿರಬಹುದು. ಕೇಳುವ ಕಿವಿಗೂ ತೆರಿಗೆಯೇ ಎಂದು ಜನ ನಗೆಯಾಡುತ್ತಿದ್ದ ಕಾಲವದು. ಇರಲಿ. ರೇಡಿಯೋದಲ್ಲಿ ಒಂದು ಗುಣವಿತ್ತು. ಬಾಯಿ ತೆರೆಯುವ ಮೊದಲು ಅದು ತನ್ನ ಹೆಸರು ಹೇಳುತ್ತಿತ್ತು. ಇದು ಯಾವ ಕೇಂದ್ರ, ಈಗ ವಾರ್ತೆ ಓದುವವರು ಯಾರು ಎಂದು ತಿಳಿಸಿದ ನಂತರವೇ ವಿಷಯಕ್ಕೆ ಬರುತ್ತಿತ್ತು. ಹೆಸರು ಹೇಳಿದ ಮಾತ್ರಕ್ಕೆ ಅದು ಸತ್ಯವನ್ನೇ ನುಡಿಯಿತೆಂದು ನಾನು ವಾದಿಸಲಾರೆ. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯನ್ನು ದೇಶಕ್ಕೆ ತಿಳಿಸಿದ್ದು ಅದೇ ಆಕಾಶವಾಣಿ. ಮುಂದಿನ ಇಪ್ಪತ್ತೊಂದು ತಿಂಗಳು ಸರ್ಕಾರದ ಮಾತಿನ ಹೊರತು ಬೇರೆ ಮಾತು ಅದರಿಂದ ಹೊರಡಲಿಲ್ಲ. ಆದರೂ ಕೇಳುಗನಿಗೆ ಇದು ಸರ್ಕಾರದ ದನಿ ಎಂಬುದು ಗೊತ್ತಿತ್ತು. ಯಾರ ಮಾತೆಂಬುದು ತಿಳಿದಾಗ ಅದನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ.

ಅದೇ 1975ರ ಆಗಸ್ಟ್ 1ರಂದು ನಮ್ಮ ಭಾಗದಲ್ಲಿ ಒಂದು ಅಪೂರ್ವವಾದ ಕಾರ್ಯವು ಆರಂಭವಾಯಿತು. ಇಂದಿನ ತರುಣರಲ್ಲಿ ಬಹುಮಂದಿಗೆ ಅದರ ಸುಳಿವೂ ಇಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 'ಸೈಟ್' ಎಂಬುದು ಅದರ ಹೆಸರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಶಿಕ್ಷಣವನ್ನು ಒದಗಿಸುವ ಪ್ರಯೋಗ. ಡಾ. ವಿಕ್ರಮ ಸಾರಾಭಾಯಿ ಅವರು ಕಂಡ ಕನಸಿದು. 1969ರಲ್ಲಿ ಅಮೇರಿಕೆಯ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರಾಗಿ ಅದು ಕೈಗೂಡಿದ್ದನ್ನು ಅವರು ನೋಡಲಿಲ್ಲ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಇದಕ್ಕೆ ಆರಿಸಲಾಯಿತು. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ, ಮೈಸೂರನ್ನಲ್ಲ. ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಹಿಂದುಳಿದವರೆಂಬ ಕಾರಣಕ್ಕೆ ನಮಗೆ ಮುಂದಿನ ಸಾಲು ದೊರೆತ ಪ್ರಸಂಗಗಳು ಇತಿಹಾಸದಲ್ಲಿ ವಿರಳ. ಅವುಗಳಲ್ಲಿ ಇದೊಂದು.

ಅಮೇರಿಕೆಯವರ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ತಂದಂತೆ ತಂದು ಆಫ್ರಿಕದ ಮೂಡಣ ಭಾಗದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದರು. ಹಳ್ಳಿಯ ಶಾಲೆಯ ಮಾಳಿಗೆಯ ಮೇಲೋ ಪಂಚಾಯತಿಯ ಅಂಗಳದಲ್ಲೋ ಹತ್ತು ಅಡಿ ಅಗಲದ ಒಂದು ಛತ್ರಿ. ಅದನ್ನು ಮಾಡಿದ್ದು ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದ! ಆಕಾಶದಿಂದ ಇಳಿದ ಚಿತ್ರವನ್ನು ಆ ಬಲೆ ಹಿಡಿದು ಕೊಡುತ್ತಿತ್ತು. ಟೆಲಿವಿಷನ್ ಪೆಟ್ಟಿಗೆಗಳು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ತಯಾರಾದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮಗಳು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಇವು ವಿಷಯಗಳು. ಒಂದೇ ಚಿತ್ರದೊಡನೆ ಎರಡು ದನಿಗಳನ್ನು ಕಳುಹಿಸುವ ಅನುಕೂಲವೂ ಆ ಉಪಗ್ರಹದಲ್ಲಿತ್ತು.

ನಾನು ಈ ಪ್ರಯೋಗವನ್ನು ಇಷ್ಟು ಹಿಡಿದು ಹೇಳುವುದಕ್ಕೆ ಅದರ ವಿಜ್ಞಾನಕ್ಕಿಂತ ಮಿಗಿಲಾದ ಒಂದು ಕಾರಣವಿದೆ. ನಮ್ಮ ಭಾಗಕ್ಕೆ ಬಂದ ಮಾತಿನ ಯಂತ್ರಗಳಲ್ಲಿ ವಿಮರ್ಶಕರನ್ನು ಜೊತೆಗೇ ಕರೆದುಕೊಂಡು ಬಂದದ್ದು ಇದೊಂದೇ ಎಂದು ನನ್ನ ತಿಳಿವಳಿಕೆ. ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದರು. ನೀವು ಏನು ನೋಡಿದಿರಿ, ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಜನರನ್ನು ವಿಚಾರಿಸಿದರು. ಮೊದಲು ಜಾತ್ರೆಯಂತೆ ಕೂಡಿದ ಜನ ಬರಬರುತ್ತ ಕಡಿಮೆಯಾದದ್ದನ್ನೂ ಅವರು ಬರೆದಿಟ್ಟರು. ಕಂಡದ್ದು ಸರಿಬಾರದಿದ್ದರೆ ಅಲ್ಲಿಯೇ, ಅಂಗಳದಲ್ಲಿಯೇ, ಒಬ್ಬರಿಗೊಬ್ಬರು ಆಡಿಕೊಳ್ಳುವ ಅವಕಾಶವಿತ್ತು. ಪರದೆಯ ಮೇಲಿನ ಗೊಬ್ಬರದ ಮಾತನ್ನು ನಲವತ್ತು ವರ್ಷ ರಂಟೆ ಹೊಡೆದವರು ಪಕ್ಕದಲ್ಲಿಯೇ ಕುಳಿತು ಅಲ್ಲಗಳೆಯಬಹುದಾಗಿತ್ತು. ಒಬ್ಬನ ಭ್ರಮೆ ಹತ್ತು ಜನರ ನಡುವೆ ಬಹಳ ಹೊತ್ತು ಬಾಳುವುದಿಲ್ಲ.

ಆದರೆ ಆ ಅಂಗಳವನ್ನು ಚಿನ್ನದ ಅಂಗಳವೆಂದು ಬಣ್ಣಿಸುವುದೂ ಅಪ್ರಾಮಾಣಿಕತೆಯೇ ಆದೀತು. ಮುಂದೆ ಕುಳಿತವರು ಯಾರು, ಗೋಡೆಗೆ ಒರಗಿ ಹಿಂದೆ ನಿಂತವರು ಯಾರು, ಅಡಿಗೆಮನೆ ಬಿಟ್ಟು ಅಷ್ಟು ಹೊತ್ತಿನಲ್ಲಿ ಬರಲಾಗದವರು ಯಾರು ಎಂದು ಕೇಳಿದರೆ ನಮ್ಮ ಹಳ್ಳಿಗಳ ಬಲ್ಲವರೆಲ್ಲ ತಲೆ ತಗ್ಗಿಸಬೇಕಾಗುತ್ತದೆ. ಈ ವಿಷಯದಲ್ಲಿ ಇಂದಿನ ಫೋನು ದೊಡ್ಡ ಉಪಕಾರ ಮಾಡಿದೆ. ಅದಕ್ಕೆ ಮುಂದಿನ ಸಾಲು, ಹಿಂದಿನ ಸಾಲುಗಳಿಲ್ಲ. ದುಡಿಯಲು ಮುಂಬಯಿಗೋ ಪುಣೆಗೋ ಹೋದ ಮಗನ ಮುಖವನ್ನು ತಾಯಿ ಕಾಣಬಲ್ಲಳು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣ ತನ್ನ ಖಾತೆಗೆ ಬಂದದ್ದನ್ನು ಯಾರ ಬಾಯಿಂದಲೂ ಕೇಳದೆ ಆಕೆ ತಾನೇ ತಿಳಿಯಬಲ್ಲಳು. ಇದನ್ನು ಕಡೆಗಣಿಸಿ ಬರೀ ಫೋನಿನ ನಿಂದೆಗೆ ಇಳಿಯುವವರು ತಮ್ಮ ಜೇಬಿನಲ್ಲಿರುವುದನ್ನು ಮೊದಲು ಹೊರಗೆ ತೆಗೆದಿಡಲಿ.

1976ರ ಜುಲೈ 31ಕ್ಕೆ ಕಡದ ಅವಧಿ ತೀರಿತು. ಉಪಗ್ರಹವು ತನ್ನ ದಾರಿ ಹಿಡಿಯಿತು. ಮರುವರ್ಷ, 1977ರಲ್ಲಿ, ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರವು ಆರಂಭವಾಯಿತು. ರಾಜಧಾನಿಯಾದ ಬೆಂಗಳೂರಿಗೆ ಆ ಭಾಗ್ಯ ಬಂದದ್ದು 1981ರಲ್ಲಿ. ಅಂತೂ ಇದನ್ನು ಹೇಳಿಕೊಳ್ಳುವ ಅವಕಾಶ ಬಂದಾಗ ನಾವು ಬಿಡಬಾರದು. ಇನ್ನೊಂದು ಕಾಕತಾಳೀಯವುಂಟು. ಸೈಟ್ ಮುಗಿದ ದಿನಕ್ಕೆ ಸರಿಯಾಗಿ ಹತ್ತೊಂಬತ್ತು ವರ್ಷಗಳ ನಂತರ, 1995ರ ಜುಲೈ 31ರಂದು, ಭಾರತದ ಮೊದಲ ಮೊಬೈಲ್ ಕರೆ ಕಲಕತ್ತೆಯಿಂದ ದೆಹಲಿಗೆ ಹೋಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟಿನ ದರ ಕುಸಿದ ಮೇಲೆ ಹಳ್ಳಿಯ ಮನೆಮನೆಯೂ ಒಂದೊಂದು ಪ್ರಸಾರ ಕೇಂದ್ರವಾಯಿತು. ಹೆಸರು ಹೇಳದ ಕೇಂದ್ರ.

ಇದರ ಫಲವೇನೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನೆರೆಯ ಬೀದರ ಜಿಲ್ಲೆಯ ಮುರ್ಕಿ ಎಂಬ ಗ್ರಾಮದಲ್ಲಿ 2018ರ ಜುಲೈ 13ರಂದು ನಡೆದುದನ್ನು ವಾಚಕರು ಮರೆತಿರಲಾರರು. ಆ ದಿನಗಳಲ್ಲಿ ಮಕ್ಕಳನ್ನು ಕದಿಯುವವರು ಊರೂರು ತಿರುಗುತ್ತಿದ್ದಾರೆಂಬ ಸುದ್ದಿ ದೇಶದ ತುಂಬ ಫೋನಿನಿಂದ ಫೋನಿಗೆ ಹಬ್ಬಿತ್ತು. ಹೈದರಾಬಾದಿನ ಒಬ್ಬ ಯುವ ತಂತ್ರಜ್ಞನು ಗೆಳೆಯರೊಡನೆ ಆ ಕಡೆಗೆ ಕಾರಿನಲ್ಲಿ ಬಂದಿದ್ದನು. ದಾರಿಯಲ್ಲಿ ನಿಂತಾಗ ಅವರು ಅಲ್ಲಿನ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕೈಗೆ ಮಿಠಾಯಿ ಕೊಡುವುದನ್ನು ಪ್ರೀತಿಯೆಂದು ತಿಳಿದ ಸೀಮೆ ನಮ್ಮದು. ಅಂದು ಅದೇ ಅಪರಾಧವಾಯಿತು. ಅನುಮಾನಗೊಂಡವರಿಂದ ತಪ್ಪಿಸಿಕೊಂಡು ಅವರ ಕಾರು ಮುಂದಕ್ಕೆ ಹೋಗುವಷ್ಟರಲ್ಲಿ ಅವರ ಚಿತ್ರಗಳು ವಾಟ್ಸಾಪ್ ಗುಂಪಿನಲ್ಲಿ ಅವರಿಗಿಂತ ಮೊದಲೇ ಮುರ್ಕಿಯನ್ನು ತಲುಪಿದ್ದವು. ಜನ ದಾರಿಗೆ ಅಡ್ಡಗಟ್ಟಿದರು. ಪೊಲೀಸರು ಬಂದರೂ ಗುಂಪು ನಿಲ್ಲಲಿಲ್ಲ, ಅವರಿಗೂ ಪೆಟ್ಟಾಯಿತು. ತರುಣನು ಪ್ರಾಣ ಬಿಟ್ಟನು. ಗೆಳೆಯರು ತೀವ್ರವಾಗಿ ಗಾಯಗೊಂಡರು. ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು.

ಇಲ್ಲಿ ವಿಚಾರ ಮಾಡತಕ್ಕ ಸಂಗತಿ ಯಾವುದು? ಮುರ್ಕಿಯವರು ಸ್ವಭಾವತಃ ಕ್ರೂರಿಗಳೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಮ್ಮ ನಿಮ್ಮಂಥ ಹಳ್ಳಿಗರೇ ಅವರು. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದೇ ಅವರಲ್ಲಿ ಅನೇಕರು ನಂಬಿರಬೇಕು. ಸುದ್ದಿಯನ್ನು ಹುಟ್ಟಿಸಿದವನಾರೆಂದು ಕೇಳಿದ್ದರೆ ಯಾರೂ ಹೇಳಲಾರದಾಗಿದ್ದರು. ನನಗೆ ಇವನು ಕಳಿಸಿದ, ಇವನಿಗೆ ಅವನು ಕಳಿಸಿದ, ಅವನಿಗೆ ಎಲ್ಲಿಂದಲೋ ಬಂದಿತು. ಕಳಿಸಿದವರು ಸಾವಿರ, ಹೇಳಿದವನು ಯಾರೂ ಇಲ್ಲ! ಅದೇ ಜುಲೈ ತಿಂಗಳಲ್ಲಿ ವಾಟ್ಸಾಪ್ ಕಂಪನಿಯು ಬೇರೆಯವರಿಂದ ಬಂದು ಮುಂದೆ ಕಳಿಸಿದ ಸಂದೇಶದ ನೆತ್ತಿಗೆ ಒಂದು ಗುರುತು ಹಚ್ಚತೊಡಗಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಿತಿಯನ್ನೂ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈಬದಲಿಸಿದ ಸಂದೇಶಕ್ಕೆ ಒಂದೇ ಕಡೆ ಎಂಬ ಕಟ್ಟುಪಾಡೂ ಬಂದಿತು. ಒಳ್ಳೆಯದೇ. ಆದರೆ ಇವೆಲ್ಲವೂ ಓಟವನ್ನು ನಿಧಾನ ಮಾಡುವ ಉಪಾಯಗಳು. ಮಾತಿಗೆ ಒಡೆಯನನ್ನು ಹುಡುಕಿಕೊಡುವ ಶಕ್ತಿ ಅವುಗಳಿಗಿಲ್ಲ.

ಬಾಯಿಂದ ಬಾಯಿಗೆ ಮಾತು ಸಾಗಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇ? ಕಡಕೋಳ ಮಡಿವಾಳಪ್ಪನವರು ಇದೇ ಜೇವರ್ಗಿ ಸೀಮೆಯವರು. ಕಡಕೋಳವು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವರ ತತ್ವಪದಗಳು ಅಚ್ಚಿನ ಮನೆಯನ್ನು ಕಾಣುವ ಬಹುಕಾಲ ಮೊದಲೇ ಏಕತಾರಿ ದಮ್ಮಡಿಗಳ ಜೊತೆ ಊರಿಂದೂರಿಗೆ ಹೋದವು. ಅಕ್ಷರ ಬಾರದವರು ಹಾಡಿದರು, ಅಕ್ಷರ ಬಾರದವರು ಕೇಳಿ ಕಲಿತರು. ಅವರ ಶಿಷ್ಯ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂಥವರೂ ಬೆಳೆದು ತಾವೂ ಪದ ಕಟ್ಟಿದರು. ಇಷ್ಟೊಂದು ಬಾಯಿಗಳನ್ನು ದಾಟಿ ಬಂದರೂ ಪದ ಯಾರದೆಂಬುದು ಅಳಿಯದೆ ಉಳಿದದ್ದು ಹೇಗೆ? ಕೊನೆಯ ನುಡಿಯಲ್ಲಿ ಅಂಕಿತವಿತ್ತು. ಭಜನೆಯಲ್ಲಿ ಹೊತ್ತಾಯಿತೆಂದು ನಡುವಿನ ಒಂದು ನುಡಿಯನ್ನು ಬಿಟ್ಟವರಿದ್ದಾರು. ಅಂಕಿತದ ನುಡಿಯನ್ನು ಹಾಡದೆ ತಾಳ ಕೆಳಗಿಟ್ಟವರನ್ನು ನಾನು ಕಂಡಿಲ್ಲ. ಹಾಡುವವನು ಪದ ತನ್ನದೆನ್ನಲಿಲ್ಲ, ಯಾರದೂ ಅಲ್ಲವೆನ್ನಲೂ ಇಲ್ಲ.

ಇದಕ್ಕೂ ಹಿಂದೆ ಹೋದರೆ ಶರಣರ ವಚನಗಳು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮರು, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿ. ಮಠದಲ್ಲಿ ಓದಿದ ಬಾಲಕನಿಗೂ ಇದು ಗೊತ್ತು. ಅಂಕಿತದ ವಿಷಯದಲ್ಲಿ ನಮ್ಮ ಸಮಾಜವು ಎಷ್ಟು ಸೂಕ್ಷ್ಮವೆಂಬುದಕ್ಕೆ ಈಚಿನ ಒಂದು ನಿದರ್ಶನ ಸಾಕು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚು ಮಾಡಿದ ಪುಸ್ತಕವೊಂದನ್ನು 1998ರಲ್ಲಿ ಕರ್ನಾಟಕ ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ನಡೆದು 2017ರಲ್ಲಿ ಸರ್ಕಾರದ ಕ್ರಮವೇ ಊರ್ಜಿತವಾಯಿತು. ಒಂದು ಶಬ್ದದ ಬದಲಾವಣೆಗಾಗಿ ಹತ್ತೊಂಬತ್ತು ವರ್ಷ ಚರ್ಚೆ ನಡೆಸಿದ ಜನ ನಾವು. ಅದೇ ನಮ್ಮ ಕೈಗಳು ಇಂದು ಅಂಕಿತವೇ ಇಲ್ಲದ ಮಾತನ್ನು ಎಣ್ಣೆ ಸ್ನಾನಕ್ಕೆ ಮೊದಲು ಹತ್ತು, ಪ್ರಸಾದದ ನಂತರ ಹತ್ತು ಎಂಬಂತೆ ಸಾಗಿಸುತ್ತಿವೆ. ಯಾರೋ ಹೊಸೆದ ನಾಲ್ಕು ಸಾಲುಗಳ ಅಡಿಯಲ್ಲಿ ಕೂಡಲಸಂಗಮದೇವ ಎಂದು ಸೇರಿಸಿ ಹೂವಿನ ಚಿತ್ರ ಹಚ್ಚಿದರೆ ಅದನ್ನೂ ವಚನವೆಂದು ಹಂಚುತ್ತಿವೆ. ಈ ವಿರೋಧಾಭಾಸವನ್ನು ನಮ್ಮ ಮಠಗಳ ವೇದಿಕೆಗಳ ಮೇಲೆ ಯಾರಾದರೂ ಎತ್ತಿ ಆಡಿದ್ದನ್ನು ನಾನು ಕೇಳಿಲ್ಲ.

ಅಂಕಿತವಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಕಳ್ಳ ಅಂಕಿತದ ವಚನಗಳು ಹಳೆಯ ಕಾಲದಲ್ಲಿಯೂ ಹುಟ್ಟಿದವು. ಪ್ರಕ್ಷಿಪ್ತವೆಂದು ಪಂಡಿತರು ಬದಿಗಿಡುವುದು ಅಂಥವನ್ನೇ. ಈಗಂತೂ ಕೃತಕ ಬುದ್ಧಿಯ ಯಂತ್ರಗಳು ಯಾರದೇ ಮುಖವನ್ನೂ ಯಾರದೇ ಕಂಠವನ್ನೂ ಇದ್ದಂತೆಯೇ ಮಾಡಿ ತೋರಿಸಬಲ್ಲವು. ನಾಳೆ ಪೂಜ್ಯರೊಬ್ಬರು ಆಡದ ಮಾತನ್ನು ಅವರದೇ ದನಿಯಲ್ಲಿ ನೀವು ಕೇಳಿದರೆ ಆಶ್ಚರ್ಯಪಡಬೇಕಾದ್ದಿಲ್ಲ. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎಂಬ ಮಾತಿಗೆ ಇದ್ದ ತೂಕವು ಹೊರಟುಹೋಯಿತು. ಹಾಗಾದರೆ ಗತಿಯೇನು?

ವಚನಪಿತಾಮಹರಾದ ಫ. ಗು. ಹಳಕಟ್ಟಿಯವರ ಕೆಲಸದ ರೀತಿಯನ್ನು ನೆನೆದರೆ ಸ್ವಲ್ಪ ದಾರಿ ಕಾಣುತ್ತದೆ. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವು ಹೊರಬರುವ ಮೊದಲು ಅವರು ಎಷ್ಟು ವರ್ಷ, ಎಷ್ಟು ಮನೆಗಳ ಅಟ್ಟಗಳಿಂದ ಓಲೆಗರಿಗಳನ್ನು ಕೂಡಿಸಿದರು! ಗರಿಯ ಮೇಲೆ ಬರೆದದ್ದೆಲ್ಲ ನಿಜವೆಂದು ಕೈಮುಗಿದು ಕುಳಿತಿದ್ದರೆ ಆ ಗ್ರಂಥವೇ ಹುಟ್ಟುತ್ತಿರಲಿಲ್ಲ. ಒಂದು ಗರಿಯ ಮಾತನ್ನು ಇನ್ನೊಂದು ಊರಿನ ಗರಿಯೊಡನೆ ಇಟ್ಟು ನೋಡುವುದೇ ಸಂಪಾದನೆಯ ಮೊದಲ ಹೆಜ್ಜೆ. ಅವರಿಗೆ ಎರಡನೆಯ ಪ್ರತಿಗಾಗಿ ಹತ್ತಾರು ಹರದಾರಿ ನಡೆಯಬೇಕಿತ್ತು. ನಮಗೆ ಎರಡನೆಯ ಪ್ರತಿಯು ಅದೇ ಫೋನಿನ ಹತ್ತು ಗುಂಡಿಗಳ ದೂರದಲ್ಲಿದೆ. ತೊಗರಿಯ ಧಾರಣೆ ನಾಳೆ ಸಾವಿರ ರೂಪಾಯಿ ಏರುತ್ತದೆ, ಮಾಲು ತೆಗೆಯಬೇಡಿ ಎಂಬ ಸಂದೇಶ ಬಂದಿತೆನ್ನಿ. ಕಲಬುರಗಿಯ ಮಾರುಕಟ್ಟೆಯಲ್ಲಿರುವ ನಿಮ್ಮ ಪರಿಚಯದ ಅಡತಿಯವರಿಗೆ ಒಂದು ಕರೆ. ಭೀಮೆಗೆ ಇಷ್ಟು ಲಕ್ಷ ಕ್ಯೂಸೆಕ್ಸ್ ಬಿಟ್ಟಿದ್ದಾರೆಂದು ಬರೆದಿದೆಯೆನ್ನಿ. 2020ರ ಅಕ್ಟೋಬರಿನ ನೆರೆಯನ್ನು ಕಂಡ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯವರಿಗೆ ಅಂಥ ಮಾತು ಹಗುರವಲ್ಲ. ಸೊನ್ನ ಬ್ಯಾರೇಜಿನ ಹತ್ತಿರದ ಊರಿನ ನೆಂಟರಿಗೆ ಒಂದು ಕರೆ, ತಹಶೀಲ್ದಾರರ ಕಚೇರಿಗೆ ಇನ್ನೊಂದು. ಇದಕ್ಕೆ ಕ್ಯಾಮೆರಾ ಬೇಕಿಲ್ಲ. 2003ರ ಟಾರ್ಚಿನ ಫೋನಿಗೂ ಇಷ್ಟು ಸಾಧ್ಯವಿತ್ತು. ಮಾತಾಡಲೆಂದು ಹುಟ್ಟಿದ ಯಂತ್ರದಲ್ಲಿ ನಾವು ಮಾತಾಡುವುದೇ ಕಡಿಮೆಯಾಗಿದೆಯಲ್ಲ!

ವಾಟ್ಸಾಪಿನಲ್ಲಿ ಬಹಳ ಕೈಗಳನ್ನು ದಾಟಿ ಬಂದ ಸಂದೇಶದ ಮೇಲೆ ಈಗ ಎರಡು ಪುಟ್ಟ ಬಾಣಗಳು ಕಾಣಿಸುತ್ತವೆ. ಇದರ ಒಡೆಯ ಯಾರೆಂದು ಗೊತ್ತಿಲ್ಲ, ನೋಡಿಕೊಂಡು ನಂಬಿರಿ ಎಂಬುದು ಆ ಗುರುತಿನ ಹಿಂದಿರುವ ಎಚ್ಚರಿಕೆ. ಒಂದು ಬಾಣವಿದ್ದರೆ ಸಾದಾ ಸುದ್ದಿ, ಎರಡಿದ್ದರೆ ಖಾತ್ರಿ ಸುದ್ದಿ ಎಂದು ತಿಳಿದವರು ನಮ್ಮಲ್ಲಿದ್ದಾರೆ. ಒಬ್ಬ ಹಿರಿಯರು ನನಗೇ ಅದನ್ನು ತೋರಿಸಿ, "ನೋಡ್ರಿ, ಡಬಲ್ ಅದ, ಸುಳ್ಳ ಇರಂಗಿಲ್ಲ" ಎಂದರು.